ಫೋನ್ ಮಾಡಿದ ಮೇಲೆ ಏನಾಗುತ್ತದೆ? ಮಂಗಳೂರು-ಉಡುಪಿಯಲ್ಲಿ ಮಕ್ಕಳ ಹಕ್ಕಿನ ಅರಿವು ಮೂಡಿಸಲು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಓದು ಬಾರದವರು ಕಡಿಮೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಉಡುಪಿಯದ್ದು ಶೇ. 86.24. ಮಕ್ಕಳ ಸಹಾಯವಾಣಿ 1098 ಎಂಬ ನಂಬರನ್ನು ಶಾಲೆಯ ಗೋಡೆಯಲ್ಲೋ ಅಂಗನವಾಡಿಯ ಬಾಗಿಲಲ್ಲೋ ಓದದವರು ಸಿಗುವುದು ಕಷ್ಟ. ಆದರೂ ಪಕ್ಕದ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿ ಪಾತ್ರೆ ತಿಕ್ಕುತ್ತಿದ್ದರೆ ಫೋನ್ ಎತ್ತುವವರು ಎಷ್ಟು ಜನ? "ನಮಗ್ಯಾಕೆ ಊರ ಉಸಾಬರಿ" ಎನ್ನುತ್ತಾರೆ. ಸ್ವಲ್ಪ ಕೆದಕಿ ಕೇಳಿ, ಒಳಗಿನ ಭಯ ಬೇರೆಯೇ ಇರುತ್ತದೆ. ನನ್ನ ಹೆಸರು ಹೊರಗೆ ಬಂದರೆ? ಕೋರ್ಟಿಗೆ ಅಲೆಯಬೇಕಾಗಿ ಬಂದರೆ? ಆ ಮಗುವನ್ನು ಎಲ್ಲೋ ಕೊಂಡುಹೋಗಿ ಹಾಕಿದರೆ ಆ ಪಾಪ ಯಾರಿಗೆ?

ಅಂದರೆ ಜನರಿಗೆ ನಂಬರ್ ಗೊತ್ತುಂಟು. ಫೋನ್ ಇಟ್ಟ ಮೇಲಿನ ಕಥೆ ಗೊತ್ತಿಲ್ಲ. ಹಕ್ಕುಗಳ ಉದ್ದ ಪಟ್ಟಿ ಓದಿಸುವ ಕಾರ್ಯಕ್ರಮಗಳಲ್ಲಿ ನನಗೆ ಅಷ್ಟೇನೂ ನಂಬಿಕೆ ಇಲ್ಲದ್ದು ಇದಕ್ಕೇ. ಮುಂದಿನದ್ದೆಲ್ಲ ಈ ಒಂದು ಕೊರತೆ ತುಂಬುವ ಲೆಕ್ಕದಲ್ಲೇ ಇದೆ. ಯುವಕ ಮಂಡಲ, ಸ್ವಸಹಾಯ ಸಂಘ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಯಾರು ಬೇಕಾದರೂ ಮಾಡಬಹುದು. ಐದಾರು ಜನ ಇದ್ದರೆ ಸಾಕು.

ಹಂತ 1: ಮೊದಲು ನಿಮ್ಮ ಊರಿನ ಮಕ್ಕಳನ್ನು ನೋಡಿ

ಬ್ಯಾನರ್ ಪ್ರಿಂಟ್ ಮಾಡಿಸುವ ಮೊದಲು ಒಂದು ವಾರ ಸುಮ್ನೆ ಊರು ಸುತ್ತಿ. ಶಾಲೆಯ ಹೊತ್ತಿನಲ್ಲಿ ಶಾಲೆಯ ಹೊರಗೆ ಇರುವ ಮಕ್ಕಳು ಎಲ್ಲಿದ್ದಾರೆ? ಮಲ್ಪೆ ಬಂದರಿನಲ್ಲಿ, ಮಂಗಳೂರು ದಕ್ಕೆಯಲ್ಲಿ ಬೆಳಿಗ್ಗೆ ಮೀನು ಆರಿಸುವವರ ನಡುವೆ ಯಾರಿದ್ದಾರೆ? ಕಟ್ಟಡ ಕೆಲಸದ ಜಾಗದಲ್ಲಿ ಉತ್ತರ ಕರ್ನಾಟಕದಿಂದ, ಒಡಿಶಾ ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳ ತಗಡಿನ ಶೆಡ್ ಇರುತ್ತದೆ. ಅಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತ ಎಂಟು ವರ್ಷದ ಅಕ್ಕ ಯಾವ ಶಾಲೆಯ ಹಾಜರಿಯಲ್ಲೂ ಇರುವುದಿಲ್ಲ. ಹೋಟೆಲಿನ ಹಿಂಬದಿ, ಗ್ಯಾರೇಜು, ಕೋಳಿ ಅಂಗಡಿ, ಜಾತ್ರೆಯ ಸಂತೆ ಎಲ್ಲವನ್ನೂ ನೋಡಿ.

ಅಂಗನವಾಡಿ ಟೀಚರ್ ಮತ್ತು ಆಶಾ ಕಾರ್ಯಕರ್ತೆಯ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ. ಯಾವ ಸರ್ವೆಗಿಂತಲೂ ಜಾಸ್ತಿ ವಿಷಯ ಅವರಿಗೆ ಗೊತ್ತಿರುತ್ತದೆ. ಮನೆಮನೆಗೆ ಹೋಗುವವರು ಅವರೇ ಅಲ್ವಾ.

ಫೋಟೊ ತೆಗೆಯಬೇಡಿ. ಮಕ್ಕಳ ಹೆಸರು ಬರೆದುಕೊಳ್ಳಬೇಡಿ. "ಇಂಥ ಜಾಗ, ಇಂಥ ತೊಂದರೆ" ಎಂದಷ್ಟೇ ಗುರುತು ಹಾಕಿ. ಆಮೇಲೆ ಎರಡೇ ಎರಡು ವಿಷಯ ಆರಿಸಿಕೊಳ್ಳಿ. ಬೀಡಿ ಕಟ್ಟುವ ಊರಿಗೂ ಫ್ಲ್ಯಾಟುಗಳ ಊರಿಗೂ ಒಂದೇ ಭಾಷಣ ಹೊಂದುವುದಿಲ್ಲ. ಫ್ಲ್ಯಾಟಿನವರಿಗೆ ಮನೆಗೆಲಸದ ಹುಡುಗಿಯ ವಿಷಯ ಬೇಕು, ಮಕ್ಕಳ ಮೊಬೈಲಿನ ವಿಷಯ ಬೇಕು. ಕುಂದಾಪುರ, ಬೈಂದೂರಿನ ಒಳಭಾಗಕ್ಕೆ ಹೋದರೆ ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕವೇ ದೊಡ್ಡ ವಿಷಯ. ಬೈಂದೂರು ಭಾಗದಲ್ಲಿ 2022ರ ಮಳೆಗಾಲದಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ನೀರಿಗೆ ಬಿದ್ದು ತೀರಿಕೊಂಡಿದ್ದು ಇಲ್ಲಿನವರು ಮರೆತಿಲ್ಲ. ಸುರಕ್ಷಿತವಾಗಿ ಶಾಲೆಗೆ ಹೋಗಿ ಬರುವುದೂ ಮಕ್ಕಳ ಹಕ್ಕಿನ ವಿಷಯವೇ.

ಹಂತ 2: ನೀವು ಓದಿಕೊಳ್ಳಬೇಕಾದ ಕಾನೂನು

ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಡಂಬಡಿಕೆ 1989ರ ನವೆಂಬರ್ 20ರಂದು ಬಂತು. ಭಾರತ 1992ರಲ್ಲಿ ಅದಕ್ಕೆ ಒಪ್ಪಿಕೊಂಡಿತು. ಇದು ನಿಮಗೆ ಗೊತ್ತಿದ್ದರೆ ಸಾಕು, ಸಭೆಯಲ್ಲಿ ಹೇಳಬೇಕೆಂದಿಲ್ಲ. ಜನ ಆಕಳಿಸುವುದು ಶುರುವಾಗುವುದೇ ಇಲ್ಲಿಂದ. ಕೆಳಗಿನ ಐದು ಕಾಯ್ದೆಗಳನ್ನು ಮಾತ್ರ ಬಾಯಿಪಾಠ ಆಗುವಷ್ಟು ತಿಳಿದುಕೊಳ್ಳಿ.

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ನಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುವುದು ಇದರ ಸಣ್ಣ ಸಣ್ಣ ಕಲಂಗಳು. ಟಿಸಿ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಶಾಲೆಯನ್ನೇ ಕಾಣದ ಹತ್ತು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹೊಡೆಯುವುದು, ಮನಸ್ಸಿಗೆ ನೋವಾಗುವಂತೆ ಹೀಯಾಳಿಸುವುದು ಎರಡೂ ನಿಷೇಧ. ವಲಸೆ ಬಂದ ಕುಟುಂಬಗಳಿಗೆ ಇಷ್ಟು ಗೊತ್ತಾದರೂ ದೊಡ್ಡದು. ಈ ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿನ ಪ್ರಶ್ನೆಯನ್ನೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ ಕರ್ನಾಟಕ ನಿಯಮ ಬದಲಿಸಿದೆ. ಅವರನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ, ನೀವು ವಾದಕ್ಕೆ ನಿಲ್ಲಬೇಡಿ.

ಬಾಲಕಾರ್ಮಿಕ ಕಾಯ್ದೆ 1986ರದ್ದು, 2016ರಲ್ಲಿ ಬಿಗಿಯಾಯಿತು. 14ರ ಒಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಇಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಮನೆಯ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಕೈಜೋಡಿಸುವುದಕ್ಕೆ ವಿನಾಯಿತಿ ಇದೆ. ಆದರೆ ಬೀಡಿ ಕಟ್ಟುವುದಕ್ಕೆ ಆ ವಿನಾಯಿತಿ ಇಲ್ಲ. ಮನೆಯದ್ದೇ ಕೆಲಸ ಎಂದರೂ ಮಕ್ಕಳ ಕೈಗೆ ಬೀಡಿ ಸೂಪು ಕೊಡುವಂತಿಲ್ಲ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. 18ರ ಒಳಗಿನ ಹುಡುಗ, ಹುಡುಗಿ ಇಬ್ಬರಿಗೂ ಅನ್ವಯ. "ನಮ್ಮದು ಗಂಡು ಮಗು, ಚಿಂತೆ ಇಲ್ಲ" ಎನ್ನುವ ತಂದೆತಾಯಿಗೆ ಇದನ್ನು ಎರಡು ಸಲ ಹೇಳಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕಲಾಗುವುದಿಲ್ಲ ಎಂಬುದೂ ಅದೇ ಕಾಯ್ದೆಯಲ್ಲಿದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಹದಿನೇಳರ ಹುಡುಗಿ ಒಪ್ಪಿಯೇ ಹೋದಳಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳ. 18ರ ಕೆಳಗೆ ಒಪ್ಪಿಗೆಗೆ ಈ ಕಾಯ್ದೆಯಲ್ಲಿ ಬೆಲೆ ಇಲ್ಲ. ಪಿಯು ಕಾಲೇಜಿನ ಹುಡುಗರಿಗೂ ಇದನ್ನು ಹೇಳಬೇಕು.

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಹುಡುಗಿಗೆ 18, ಹುಡುಗನಿಗೆ 21. ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಇಲ್ಲಿ ಬಾಲ್ಯವಿವಾಹಕ್ಕೆ ಮದುವೆಯಾದ ಕ್ಷಣದಿಂದಲೇ ಮಾನ್ಯತೆ ಇಲ್ಲ. ಮಾಡಿಸಿದವರು, ನಡೆಸಿಕೊಟ್ಟವರು, ನೆರವಾದವರು ಎಲ್ಲರೂ ಸಿಕ್ಕಿಬೀಳುತ್ತಾರೆ.

ಕೊನೆಯದು 2015ರ ಬಾಲನ್ಯಾಯ ಕಾಯ್ದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ನಿಂತಿರುವುದು ಇದರ ಮೇಲೆ. ಅಧ್ಯಕ್ಷರ ಜತೆ ನಾಲ್ವರು ಸದಸ್ಯರು. ಆಸರೆ ಬೇಕಾದ ಮಗುವಿನ ವಿಷಯದಲ್ಲಿ ತೀರ್ಮಾನ ಇವರದ್ದು. ದತ್ತು ವಿಷಯವೂ ಇದರಲ್ಲೇ ಬರುತ್ತದೆ. ಹುಟ್ಟಿದ ಮಗುವನ್ನು "ಮಕ್ಕಳಿಲ್ಲದವರಿಗೆ ಕೊಟ್ಟೆವು, ಪುಣ್ಯ ಬಂತು" ಎಂದು ಆಸ್ಪತ್ರೆಯಿಂದಲೇ ದಾಟಿಸುವುದು ಅಪರಾಧ. ಸಾಕಲು ಆಗದ ತಾಯಿ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಿಸಲು ಅವಳಿಗೆ 60 ದಿನ ಸಮಯ ಉಂಟು.

ಹಂತ 3: ಅಧಿಕಾರಿಗಳನ್ನು ಕಾರ್ಯಕ್ರಮಕ್ಕೆ ಮೊದಲೇ ಭೇಟಿ ಮಾಡಿ

ಉದ್ಘಾಟನೆಗೆ ಕರೆಯಲು ಹೋಗುವುದಲ್ಲ. ಫೋನ್ ಯಾರು ಎತ್ತುತ್ತಾರೆ ಎಂದು ತಿಳಿಯಲು ಹೋಗುವುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಬಿಇಒ, ಕಾರ್ಮಿಕ ನಿರೀಕ್ಷಕರು, ಪಂಚಾಯತಿನ ಪಿಡಿಒ (ಅಭಿವೃದ್ಧಿ ಅಧಿಕಾರಿ). ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು ಕಾನೂನು ಹೇಳುತ್ತದೆ. ನಿಮ್ಮ ಠಾಣೆಗೆ ಹೋಗಿ "ಅವರು ಯಾರು ಸರ್?" ಎಂದು ವಿನಯವಾಗಿ ಕೇಳಿ. ಆ ಪ್ರಶ್ನೆ ಕೇಳಿದ್ದರಿಂದಲೇ ಅರ್ಧ ಕೆಲಸ ಆಗುತ್ತದೆ.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಬಿಡಬೇಡಿ. ಮಕ್ಕಳಿಗೆ ವಕೀಲರು ಉಚಿತ, ಮನೆಯ ಆದಾಯ ಎಷ್ಟೇ ಇರಲಿ. ಅವರ ಸಹಾಯವಾಣಿ 15100. ಕಾನೂನು ಹೇಳಲು ವಕೀಲರನ್ನೋ ಅರೆಕಾಲಿಕ ಕಾನೂನು ಸ್ವಯಂಸೇವಕರನ್ನೋ ಅವರೇ ಕಳಿಸುತ್ತಾರೆ. ಮಂಗಳೂರಿನ ಎಸ್‌ಡಿಎಂ ಲಾ ಕಾಲೇಜು, ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು, ಸಮಾಜಕಾರ್ಯ ಕಲಿಸುವ ರೋಶನಿ ನಿಲಯ ಇಷ್ಟು ಹತ್ತಿರ ಇರುವಾಗ ಓದುವ ಹುಡುಗರನ್ನೂ ಜತೆಗೆ ಸೇರಿಸಿಕೊಳ್ಳಿ. ನಾಟಕ ಆಡುವುದಕ್ಕೂ ಅವರೇ ಬೇಕು.

ಹಂತ 4: "ಫೋನಿನ ಕಥೆ" ಸಿದ್ಧ ಮಾಡಿ

ಇಡೀ ಕೆಲಸದ ತಿರುಳು ಇದು. ನಿಮ್ಮ ತಂಡದ ಪ್ರತಿಯೊಬ್ಬರೂ ಇದನ್ನು ಕಾಗದ ನೋಡದೆ ಹೇಳಬೇಕು.

ಮೊದಲ ಕಥೆ, ಕೆಲಸಕ್ಕಿರುವ ಮಗು. ನೀವು 1098ಕ್ಕೆ ಫೋನ್ ಮಾಡುತ್ತೀರಿ. ಹಗಲು ರಾತ್ರಿ ಯಾವಾಗ ಮಾಡಿದರೂ ಆಗುತ್ತದೆ, ಕಾಸು ಖರ್ಚಿಲ್ಲ. ಮಗು ಎಲ್ಲಿದೆ, ಸುಮಾರು ಎಷ್ಟು ವಯಸ್ಸು, ಏನು ಕಂಡಿರಿ ಎಂದು ಕೇಳುತ್ತಾರೆ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ವಿಷಯ ಜಿಲ್ಲೆಯ ಘಟಕಕ್ಕೆ ಹೋಗುತ್ತದೆ. ತಕ್ಷಣದ ಅಪಾಯ ಇದ್ದರೆ ತುರ್ತು ನೆರವಿನ 112ಕ್ಕೆ ದಾಟುತ್ತದೆ. ಈ ಎರಡು ವ್ಯವಸ್ಥೆಗಳನ್ನು 2023ರಿಂದ ಜೋಡಿಸಲಾಗಿದೆ. ಸಿಬ್ಬಂದಿ ಹೋಗಿ ನೋಡುತ್ತಾರೆ. ಮಗುವನ್ನು ಅಲ್ಲಿಂದ ಕರೆತಂದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಗುವಿನ ಮಾತು ಕೇಳುತ್ತದೆ, ಮನೆಯವರನ್ನು ಕರೆಸುತ್ತದೆ, ವಿಚಾರಣೆ ಮಾಡಿಸುತ್ತದೆ. ಮನೆ ಸುರಕ್ಷಿತವಾಗಿದ್ದರೆ ಮಗು ಮನೆಗೇ ಹೋಗುತ್ತದೆ. ಬಾಲಮಂದಿರಕ್ಕೆ ಸೇರಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ. ಇದು ಕಾಯ್ದೆಯೊಳಗೇ ಬರೆದಿರುವ ತತ್ವ.

ಎರಡನೆಯದು ಪೋಕ್ಸೊ ಕಥೆ. ಇದನ್ನು ನಿಧಾನವಾಗಿ ಹೇಳಿ. ದೂರು ಬಂದರೆ ಠಾಣೆಯವರು ದಾಖಲಿಸಿಕೊಳ್ಳಲೇಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ, ಅದಕ್ಕೆ ಧೈರ್ಯ ಇರುವ ಜಾಗದಲ್ಲೋ ತೆಗೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಬರಬೇಕು, ಯೂನಿಫಾರ್ಮ್ ಹಾಕಿಕೊಂಡು ಬರುವಂತಿಲ್ಲ. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯಾದರೆ ಪರೀಕ್ಷೆ ಮಾಡುವವರು ಮಹಿಳಾ ವೈದ್ಯರು, ಪಕ್ಕದಲ್ಲಿ ತಾಯಿಯೋ ಮಗು ನಂಬುವ ಬೇರೆಯವರೋ ಇರಬೇಕು. ಎಫ್‌ಐಆರ್ ತನ್ನಿ, ಆಮೇಲೆ ಚಿಕಿತ್ಸೆ ಎಂದು ಆಸ್ಪತ್ರೆ ಹೇಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಸಮಿತಿಗೆ ತಿಳಿಸಬೇಕು. ಸಮಿತಿ ಮಗುವಿಗೆ ಒಬ್ಬ ನೆರವಿನ ವ್ಯಕ್ತಿಯನ್ನು ಕೊಡಬಹುದು. ವಿಚಾರಣೆ ನಡೆಯುವುದು ವಿಶೇಷ ನ್ಯಾಯಾಲಯದಲ್ಲಿ, ಬಾಗಿಲು ಮುಚ್ಚಿ. ಸಾಕ್ಷಿ ಹೇಳುವಾಗ ಆರೋಪಿಯ ಮುಖ ಮಗುವಿಗೆ ಕಾಣದಂತೆ ವ್ಯವಸ್ಥೆ ಮಾಡಬೇಕು. ಆದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ಕೇಸು ಮುಗಿಯುವ ಮೊದಲೇ ಮಧ್ಯಂತರ ಪರಿಹಾರ ಕೇಳಬಹುದು.

ಎಲ್ಲ ಸಲವೂ ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎಂದು ಆಣೆ ಮಾಡಬೇಡಿ. ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. "ಹೀಗೆ ನಡೆಯಬೇಕು, ನಡೆಯದಿದ್ದರೆ ಕೇಳುವ ಹಕ್ಕು ನಿಮಗಿದೆ" ಎನ್ನಿ. ಯೂನಿಫಾರ್ಮ್ ಹಾಕಿಕೊಂಡು ಬಂದವರನ್ನು ನೋಡಿದಾಗ "ಮೇಡಂ, ಬಟ್ಟೆ ಬದಲಿಸಿಕೊಂಡು ಬರ್ತೀರಾ?" ಎಂದು ಕೇಳುವ ತಾಯಿ ಇದ್ದರೆ ಕಾನೂನು ಜೀವಂತವಾಗಿರುತ್ತದೆ.

ಹಂತ 5: ಜನ ಇದ್ದಲ್ಲಿಗೆ ಹೋಗಿ, ಜನರ ಹೊತ್ತಿಗೆ ಹೋಗಿ

ಸಭಾಭವನ ಬುಕ್ ಮಾಡಿ, ಹಾರ ತುರಾಯಿ ತಂದು, ಸ್ವಾಗತ ಧನ್ಯವಾದ ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ ಹೋಗುತ್ತದೆ. ಅಲ್ಲಿಗೆ ಬರುವವರು ಎಲ್ಲ ಸಭೆಗಳಿಗೂ ಬರುವ ಅದೇ ನಲವತ್ತು ಜನ. ಅದರ ಬದಲು ನಮ್ಮ ಊರಿನ ಕ್ಯಾಲೆಂಡರ್ ನೋಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೊಗವೀರ ಪಟ್ಟಣಗಳಲ್ಲಿ ಗಂಡಸರು ಮನೆಯಲ್ಲಿ ಸಿಗುವುದು ಆಗಲೇ. ಬಲೆ ರಿಪೇರಿ ಮಾಡುತ್ತ ಕೂತವರ ಹತ್ತಿರ ಹೋಗಿ ಕೂತರೆ ಮೈಕೇ ಬೇಡ. ವಲಸೆ ಮಕ್ಕಳ ಶಾಲಾ ಸೇರ್ಪಡೆಗೆ ಮೇ ಕೊನೆ, ಜೂನ್ ಮೊದಲ ವಾರ. ಜೂನ್ 12 ಬಾಲಕಾರ್ಮಿಕ ವಿರೋಧಿ ದಿನ, ಅಂಗಡಿ ಹೋಟೆಲಿನವರಿಗೆ ಕರಪತ್ರ ಕೊಡಲು ಒಂದು ನೆಪ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರಿನಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯ ಹೊತ್ತಿನವರೆಗೆ. ಆಟ ಶುರುವಾಗುವ ಮೊದಲು ಐದು ನಿಮಿಷ ಕೇಳಿ, ಹೆಚ್ಚಿನವರು ಕೊಡುತ್ತಾರೆ. ಐದು ಎಂದರೆ ಐದೇ, ಆರನೆಯ ನಿಮಿಷಕ್ಕೆ ಚೆಂಡೆ ಕೇಳಬೇಕು.

ಚರ್ಚಿನ ವಾಳೆಯ (ವಾರ್ಡಿನ) ಸಭೆ, ಶುಕ್ರವಾರದ ನಮಾಜಿನ ನಂತರ ಮಸೀದಿಯ ಅಂಗಳ, ದೇವಸ್ಥಾನದ ಭಜನೆ, ಸ್ವಸಹಾಯ ಸಂಘದ ವಾರದ ಸಭೆ ಎಲ್ಲ ಒಳ್ಳೆಯ ಜಾಗಗಳೇ. ಹಿರಿಯರ ಹತ್ತಿರ ಮೊದಲೇ ಹೋಗಿ ವಿಷಯ ಹೇಳಿ. ಮತ್ತೊಂದು ಮಾತು. ಒಂದು ಧರ್ಮದವರ ಊರಿಗೆ ಹೋಗಿ ಅವರ ತಪ್ಪಿನ ಉದಾಹರಣೆಯನ್ನೇ ಹೇಳುವ ಚಟ ಕೆಲವರಿಗೆ ಉಂಟು. ನಮ್ಮ ಜಿಲ್ಲೆಯ ಗಾಳಿ ಗೊತ್ತಲ್ಲ. ಮಕ್ಕಳ ವಿಷಯಕ್ಕೆ ಆ ಬಣ್ಣ ಬಳಿದರೆ ಕೆಲಸ ಅಲ್ಲಿಗೇ ಮುಗಿಯಿತು.

ತುಳುವಿನವರಿಗೆ ತುಳುವಿನಲ್ಲಿ, ಕೊಂಕಣಿಯವರಿಗೆ ಕೊಂಕಣಿಯಲ್ಲಿ, ಬ್ಯಾರಿಗಳಿಗೆ ಬ್ಯಾರಿ ಭಾಷೆಯಲ್ಲಿ, ಕುಂದಾಪುರದವರಿಗೆ ಕುಂದಾಪ್ರ ಕನ್ನಡದಲ್ಲೇ ಹೇಳಿ. ಕಾರ್ಮಿಕರ ಶೆಡ್ಡಿಗೆ ಹಿಂದಿ ಬಲ್ಲವರು ಬೇಕು. ರೇಡಿಯೊ ಕೂಡ ಇದೆ. ಮಂಗಳೂರಿನ ರೇಡಿಯೊ ಸಾರಂಗ್ 107.8, ಮಣಿಪಾಲದ ರೇಡಿಯೊ ಮಣಿಪಾಲ್ 90.4 ಎರಡೂ ಸಮುದಾಯ ರೇಡಿಯೊಗಳು. ಊರಿನ ಭಾಷೆಯ ಮಾತುಕತೆಗೆ ಅಲ್ಲಿ ಜಾಗ ಕೇಳಬಹುದು.

ಹಂತ 6: ಮಾತುಕತೆ ನಡೆಸುವುದು

ಬೀಡಿ ಬ್ರಾಂಚ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕಟ್ಟಿದ ಬೀಡಿ ತಂದ ಹೆಂಗಸರು ಚೆಕ್ಕರ್ ಎದುರು ಸಾಲಾಗಿ ಕೂತಿರುತ್ತಾರೆ. ಅವನು ಕಟ್ಟು ಬಿಚ್ಚಿ, ಬೆರಳಲ್ಲಿ ಒತ್ತಿ ನೋಡಿ, ಸರಿಯಿಲ್ಲದ್ದನ್ನು ಬದಿಗೆ ಎಸೆಯುತ್ತಾನೆ. ಸರದಿ ಬರುವವರೆಗೆ ಎಲ್ಲರಿಗೂ ಪುರುಸೊತ್ತು. ನಿಮಗೆ ಸಿಗುವುದು ಆ ಇಪ್ಪತ್ತು ನಿಮಿಷ.

"ಬಾಲಕಾರ್ಮಿಕ ಪದ್ಧತಿ ಅಪರಾಧ" ಎಂದು ಶುರು ಮಾಡಿದರೆ ಎಲ್ಲರ ಬಾಯಿಗೆ ಬೀಗ. ಎದುರು ಕೂತವರಲ್ಲಿ ಮಗಳಿಂದ ನೂಲು ಸುತ್ತಿಸಿದವರೂ ಇರುತ್ತಾರೆ, ನಿನ್ನೆ ರಾತ್ರಿಯೇ. ಅದರ ಬದಲು ಒಂದು ಪ್ರಶ್ನೆ ಇಡಿ: "ನೀವು ಎಷ್ಟನೇ ವಯಸ್ಸಿಗೆ ಬೀಡಿ ಕಟ್ಟಲು ಕೂತಿರಿ?" ಒಬ್ಬರು ಒಂಬತ್ತು ಎನ್ನುತ್ತಾರೆ, ಇನ್ನೊಬ್ಬರು ಐದನೇ ಕ್ಲಾಸ್ ಬಿಟ್ಟ ಮೇಲೆ ಎನ್ನುತ್ತಾರೆ. ಬೆನ್ನುನೋವು, ತಂಬಾಕಿನ ಘಾಟು, ಓದಬೇಕಿದ್ದ ಆಸೆ ಎಲ್ಲ ತಾನಾಗಿಯೇ ಹೊರಬರುತ್ತದೆ. ಆಮೇಲೆ "ಈಗ ಕಾನೂನು ಹೀಗಿದೆ" ಎಂದರೆ ಕೇಳುತ್ತಾರೆ. ಮಗಳ ಓದಿಗೆ ಸಿಗುವ ವಿದ್ಯಾರ್ಥಿವೇತನ, ಹಾಸ್ಟೆಲ್ ಮಾಹಿತಿಯನ್ನು ಕೈಯಲ್ಲೇ ಇಟ್ಟುಕೊಂಡು ಹೋಗಿ. ಬರೀ ಶಿಕ್ಷೆಯ ಮಾತು ಹೇಳಿ ಬರುವುದು ನನಗೆ ಸರಿ ಕಾಣುವುದಿಲ್ಲ.

ಎಲ್ಲ ಕಡೆ ಇದೇ ಕ್ರಮ. ಒಂದು ಪ್ರಶ್ನೆ, ಒಂದು ಕಥೆ, ಒಂದು ಕಾನೂನು, ಒಂದು ಫೋನು. ಕರಪತ್ರ ಕೊಡುವುದಾದರೆ ಒಂದೇ ಪುಟ. ಅದರಲ್ಲಿ ಮೂರೇ ನಂಬರ್: 1098, 112, 15100. ಕೆಳಗೆ "ಫೋನ್ ಮಾಡಿದರೆ ಏನಾಗುತ್ತದೆ" ಎಂಬ ನಾಲ್ಕು ಸಾಲು.

ಬಂದೇ ಬರುವ ಎರಡು ಮಾತಿಗೆ ಉತ್ತರ ಸಿದ್ಧ ಇಟ್ಟುಕೊಳ್ಳಿ. "ಹಕ್ಕು ಗಿಕ್ಕು ಅಂತ ಹೇಳಿಕೊಟ್ರೆ ಮಕ್ಕಳು ತಲೆ ಮೇಲೆ ಕೂರ್ತಾರೆ ಮಾರಾಯ್ರೆ." ಇದಕ್ಕೆ ಜಗಳ ಬೇಡ. ಕಂಡವರು ಮೈಮುಟ್ಟಿದರೆ ಬೇಡ ಎನ್ನಲು ಕಲಿತ ಮಗು ನಿಮಗೆ ಬೇಕಾ, ಸುಮ್ನೆ ಸಹಿಸುವ ಮಗು ಬೇಕಾ ಎಂದು ಕೇಳಿ. ಇನ್ನೊಂದು, "ನಮ್ಮ ಊರಲ್ಲಿ ಹಾಗೆಲ್ಲ ಇಲ್ಲ, ಹೊರಗಿನವರು ಬಂದು ಮಾಡುವುದು." ರಾಷ್ಟ್ರೀಯ ಅಪರಾಧ ದಾಖಲೆಗಳ ಲೆಕ್ಕ ಬೇರೆಯೇ ಹೇಳುತ್ತದೆ. ಪೋಕ್ಸೊ ಕೇಸುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಮಗುವಿಗೆ ಪರಿಚಯದವರೇ. ಮನೆಯವರು, ನೆರೆಯವರು, ಪಾಠ ಹೇಳುವವರು, ವ್ಯಾನ್ ಓಡಿಸುವವರು.

ಹಂತ 7: ಮಕ್ಕಳ ಜತೆ ಕೂರುವಾಗ

ದೊಡ್ಡವರ ಸಭೆ ಬೇರೆ, ಮಕ್ಕಳ ಸಭೆ ಬೇರೆ. ಶಾಲೆಗೆ ಹೋಗುವುದಾದರೆ ಹೆಡ್ ಮಾಸ್ತರರ ಒಪ್ಪಿಗೆ ಪಡೆಯಿರಿ, ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಗೂ ತಿಳಿಸಿ. ತಂಡದಲ್ಲಿ ಒಬ್ಬ ಹೆಂಗಸಾದರೂ ಇರಲಿ. ಯಾವ ಮಗುವಿನ ಜತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬಾರದು. ಈ ನಿಯಮ ನಿಮ್ಮ ತಂಡಕ್ಕೂ ಅನ್ವಯ, ಎಷ್ಟೇ ಒಳ್ಳೆಯವರಿರಲಿ.

ಚಿಕ್ಕವರಿಗೆ ದೇಹದ ಚಿತ್ರ, ಆಟ, ಹಾಡು ಸಾಕು. ಹೈಸ್ಕೂಲಿನವರಿಗೆ ಮೊಬೈಲಿನ ವಿಷಯ ಹೇಳಲೇಬೇಕು. ಫೋಟೊ ಕಳಿಸು ಎಂದು ಪೀಡಿಸುವವರು, ಕಳಿಸಿದ ಮೇಲೆ ಬೆದರಿಸುವವರು. ಹೆದರಿಸಬೇಡಿ. "ಏನೇ ಆಗಿದ್ದರೂ ತಪ್ಪು ನಿನ್ನದಲ್ಲ, ನಂಬುವ ದೊಡ್ಡವರೊಬ್ಬರಿಗೆ ಹೇಳು, ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು, 1098ಕ್ಕೆ ನೀನೇ ಫೋನ್ ಮಾಡಬಹುದು." ಈ ಮಾತು ಸಾಕು.

ಈಗ ಕಷ್ಟದ ಭಾಗ. ಕಾರ್ಯಕ್ರಮ ಮುಗಿದು ಎಲ್ಲರೂ ಚಾಕಲೇಟಿಗೆ ಓಡಿದ ಮೇಲೆ ಒಂದು ಮಗು ಹಿಂದೆ ಉಳಿಯುತ್ತದೆ. ಬ್ಯಾಗಿನ ಜಿಪ್ ಎಳೆಯುತ್ತ, ಬಿಡುತ್ತ ನಿಲ್ಲುತ್ತದೆ. "ಅಕ್ಕಾ, ನನ್ನ ಫ್ರೆಂಡಿಗೆ ಹಾಗೆ ಆಗಿದೆ" ಎಂದು ಶುರು ಮಾಡಬಹುದು. ಹೆಚ್ಚಾಗಿ ಆ ಫ್ರೆಂಡ್ ಅದೇ ಮಗು. ಆಗ ಏನು ಮಾಡಬೇಕು?

ಕೂತುಕೊಳ್ಳಿ, ಮಗುವಿನ ಎತ್ತರಕ್ಕೆ ಬನ್ನಿ. ಬೇರೆಯವರಿಗೆ ಕಾಣುವಂಥ, ಆದರೆ ಮಾತು ಕೇಳಿಸದಂಥ ಜಾಗ ಆಗಲಿ. ಅದು ಹೇಳಿದಷ್ಟನ್ನು ಕೇಳಿ. ಎಲ್ಲಿ ಮುಟ್ಟಿದ, ಎಷ್ಟು ಸಲ, ನೀನು ಯಾಕೆ ಕೂಗಲಿಲ್ಲ ಎಂದು ವಿಚಾರಣೆ ಮಾಡಬೇಡಿ. ಅದು ಪೊಲೀಸರ, ಕೋರ್ಟಿನ ಕೆಲಸ. ನೀವು ಕೇಳಿದ ಅಡ್ಡಾದಿಡ್ಡಿ ಪ್ರಶ್ನೆ ಮುಂದೆ ಕೇಸನ್ನೇ ಹಾಳು ಮಾಡಬಹುದು. "ಹೇಳಿದ್ದು ಒಳ್ಳೆಯದಾಯಿತು" ಎನ್ನಿ. "ಯಾರಿಗೂ ಹೇಳುವುದಿಲ್ಲ" ಎಂದು ಮಾತ್ರ ಮಾತು ಕೊಡಬೇಡಿ, ಯಾಕೆಂದರೆ ಕಾನೂನು ಪ್ರಕಾರ ನೀವು ಹೇಳಲೇಬೇಕು. "ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ" ಎಂದು ತಿಳಿಸಿ. ಮಗುವಿನ ಮಾತನ್ನು ಅದರ ಶಬ್ದಗಳಲ್ಲೇ ಅವತ್ತೇ ಬರೆದಿಟ್ಟುಕೊಳ್ಳಿ. ಅವತ್ತೇ ಠಾಣೆಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಿ, 1098ಕ್ಕೂ ಹೇಳಿ. ಮನೆಯವರೇ ಆರೋಪಿಯಾಗಿದ್ದರೆ ಅವರಿಗೆ ಮೊದಲು ಫೋನ್ ಹೋಗಬಾರದು. "ನಾವೇ ಕೂತು ಮಾತಾಡಿ ಮುಗಿಸೋಣ, ಊರ ಮರ್ಯಾದೆ" ಎಂದು ಹತ್ತು ಸಮಸ್ತರು ಬರುತ್ತಾರೆ. ಪಂಚಾಯತಿಕೆ ಮಾಡಿ ಮುಗಿಸುವ ವಿಷಯ ಇದಲ್ಲ ಎಂದು ಖಡಾಖಂಡಿತವಾಗಿ ಹೇಳಿ.

ಹಂತ 8: ಮಕ್ಕಳ ಗ್ರಾಮಸಭೆಯನ್ನು ಬಳಸಿಕೊಳ್ಳಿ

ನಮ್ಮ ಕರಾವಳಿಗೆ ಇದರಲ್ಲಿ ಹೆಮ್ಮೆಪಡುವ ಚರಿತ್ರೆ ಇದೆ. ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಜತೆ ದುಡಿಯುವ ಮಕ್ಕಳು 1990ರಲ್ಲಿ ಭೀಮ ಸಂಘ ಕಟ್ಟಿದರು. ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್‌ಗಳು ನಡೆದವು. ಮಕ್ಕಳೇ ಊರಿನ ತೊಂದರೆ ಪಟ್ಟಿ ಮಾಡಿ ದೊಡ್ಡವರ ಎದುರು ಇಟ್ಟರು. ಆಮೇಲೆ, 2006ರಿಂದ, ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಬಂತು. ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತದೆ.

ಎಷ್ಟೋ ಕಡೆ ಇದು ಕಾಟಾಚಾರ. ಹತ್ತಿರದ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು, ದೊಡ್ಡವರು ಭಾಷಣ ಮಾಡಿ, ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ನಿಮ್ಮ ತಂಡ ಅದನ್ನು ಬದಲಿಸಬಹುದು. ಸೆಪ್ಟೆಂಬರಿನಲ್ಲೇ ಪಿಡಿಒ ಹತ್ತಿರ ದಿನಾಂಕ ಕೇಳಿ. ಒಂದು ತಿಂಗಳು ಮೊದಲು ಎಲ್ಲ ಶಾಲೆಗಳಲ್ಲೂ, ಪಂಚಾಯತಿನ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಒಂದು ಪೆಟ್ಟಿಗೆ ಇಡಿ. ಹೆಸರಿಲ್ಲದೆ ಚೀಟಿ ಹಾಕಲಿ. ಬಸ್ ನಿಲ್ಲಿಸದ ಕಂಡಕ್ಟರ್, ಬಾಗಿಲಿಲ್ಲದ ಟಾಯ್ಲೆಟ್, ಕಟ್ಟೆ ಇಲ್ಲದ ಬಾವಿ, ಶಾಲೆ ದಾರಿಯ ಬಾರ್, ಬೀದಿನಾಯಿ ಎಲ್ಲ ಬರುತ್ತವೆ. ಚೀಟಿಗಳನ್ನು ದೊಡ್ಡವರೊಬ್ಬರು ಮೊದಲೇ ಓದಬೇಕು. ದೌರ್ಜನ್ಯದ ಚೀಟಿ ಇದ್ದರೆ ಅದು ಸಭೆಗೆ ಹೋಗಬಾರದು, ಹಂತ 7ರ ದಾರಿಗೆ ಹೋಗಬೇಕು.

ಸಭೆಯಲ್ಲಿ ಮೊದಲ ಪ್ರಶ್ನೆ "ಕಳೆದ ವರ್ಷ ನಾವು ಕೇಳಿದ್ದು ಏನಾಯಿತು?" ಎಂದೇ ಇರಲಿ, ಅದನ್ನು ಒಂದು ಮಗುವೇ ಕೇಳಲಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. ಕಾರ್ಮಿಕರ ಮಕ್ಕಳನ್ನೂ, ವಿಶೇಷ ಅಗತ್ಯದ ಮಕ್ಕಳನ್ನೂ ನೀವೇ ಹೋಗಿ ಕರೆತನ್ನಿ, ಇಲ್ಲದಿದ್ದರೆ ಅವರು ಬರುವುದೇ ಇಲ್ಲ.

ಹಂತ 9: ವಾಟ್ಸಾಪ್‌ನಲ್ಲಿ ಮಾಡಬಾರದ್ದು

"ಈ ಪಾಪಿಯನ್ನು ಹಿಡಿಯುವವರೆಗೂ ಶೇರ್ ಮಾಡಿ" ಎಂದು ಮಗುವಿ‌ನ ವಿಡಿಯೊ ಹಂಚುವುದು ನಮ್ಮಲ್ಲಿ ಮಾಮೂಲಾಗಿದೆ. ಮಗುವಿನ ಹೆಸರು, ಮುಖ, ಶಾಲೆ, ಮನೆಯವರ ಹೆಸರು, ಗುರುತು ಸಿಗುವ ಯಾವುದನ್ನೂ ಹಂಚುವಂತಿಲ್ಲ. ಪೋಕ್ಸೊ, ಬಾಲನ್ಯಾಯ ಎರಡು ಕಾಯ್ದೆಗಳಲ್ಲೂ ಇದಕ್ಕೆ ಶಿಕ್ಷೆ ಇದೆ. ಮಕ್ಕಳ ಲೈಂಗಿಕ ದೌರ್ಜನ್ಯದ ವಿಡಿಯೊ ಹಂಚುವುದಂತೂ ದೊಡ್ಡ ಅಪರಾಧ. ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ತಪ್ಪಾಗುತ್ತದೆ ಎಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮಕ್ಕಳ ಕಳ್ಳರ ಸುಳ್ಳು ಸುದ್ದಿಯಿಂದ 2018ರಲ್ಲಿ ನಮ್ಮ ರಾಜ್ಯದಲ್ಲೇ ಅಮಾಯಕರ ಪ್ರಾಣ ಹೋಗಿದೆ. ಗ್ರೂಪ್ ಅಡ್ಮಿನ್‌ಗಳನ್ನು ಒಂದು ಸಂಜೆ ಚಹಾಕ್ಕೆ ಕರೆದು ಇಷ್ಟು ಹೇಳಿ. ಪತ್ರಿಕೆಯ ಸ್ಥಳೀಯ ವರದಿಗಾರರಿಗೆ ಇದು ಗೊತ್ತಿರುತ್ತದೆ, ಆದರೂ ನೆನಪಿಸುವುದರಲ್ಲಿ ತಪ್ಪಿಲ್ಲ. ನಿಮ್ಮ ಕಾರ್ಯಕ್ರಮದ ಫೋಟೊ ಹಾಕುವಾಗಲೂ ಮಕ್ಕಳ ಮುಖ ಬೇಡ.

ಹಂತ 10: ಬೆನ್ನು ಹತ್ತುವುದು

ಆರು ತಿಂಗಳ ನಂತರ ಅದೇ ಜಾಗಗಳಿಗೆ ಮತ್ತೆ ಹೋಗಿ. "ಕಾರ್ಯಕ್ರಮ ಚೆನ್ನಾಗಿತ್ತಾ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. "ಫೋನ್ ಮಾಡಿದರೆ ನಿಮ್ಮ ಹೆಸರು ಹೇಳಬೇಕಾ?" "ಟಿಸಿ ಇಲ್ಲದಿದ್ದರೆ ಶಾಲೆಗೆ ಸೇರಿಸಬಹುದಾ?" ಎಂದು ಕೇಳಿ. ಉತ್ತರದಲ್ಲೇ ಗೊತ್ತಾಗುತ್ತದೆ. ಶೆಡ್ಡಿನ ಮಕ್ಕಳಲ್ಲಿ ಎಷ್ಟು ಜನ ಶಾಲೆಗೆ ಸೇರಿದರು, ಸೇರಿದವರಲ್ಲಿ ಎಷ್ಟು ಜನ ಇನ್ನೂ ಹೋಗುತ್ತಿದ್ದಾರೆ ಎಂದು ಹೆಡ್ ಮಾಸ್ತರರಲ್ಲಿ ವಿಚಾರಿಸಿ.

ಫೋನ್ ಮಾಡಿದರೂ ಏನೂ ಆಗಲಿಲ್ಲ ಎಂದು ಯಾರಾದರೂ ಹೇಳಿದರೆ ಆ ದೂರನ್ನು ತಳ್ಳಿಹಾಕಬೇಡಿ. ಒಬ್ಬರ ಕಹಿ ಅನುಭವ ಇಡೀ ಕೇರಿಗೆ ಹರಡುತ್ತದೆ. ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ದಿನಾಂಕ, ಸಮಯ ಸಮೇತ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ, ಮಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್‌ಗೆ ಅಂಚೆಯಲ್ಲಿ ಕಳಿಸಿ. ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ಬೆಂಗಳೂರಿನಲ್ಲಿ. ಅದಕ್ಕೆ ಸಾದಾ ಕಾಗದದಲ್ಲಿ, ಕನ್ನಡದಲ್ಲೇ ಬರೆಯಬಹುದು, ವಕೀಲರು ಬೇಡ, ಶುಲ್ಕ ಇಲ್ಲ. ಕಾಗದದಲ್ಲಿ ಮಗುವಿನ ಗುರುತನ್ನು ಮುಚ್ಚಿದ ಲಕೋಟೆಯಲ್ಲಿ ಬೇರೆಯಾಗಿ ಇಡಿ. ದೂರು ಕೊಟ್ಟವರ ಮನೆಗೆ ತಿಂಗಳಿಗೊಮ್ಮೆ ಹೋಗಿ ಎಲ್ಲಿಗೆ ಬಂತು ಎಂದು ತಿಳಿಸಿ, ಏನೂ ಆಗದಿದ್ದರೆ ಏನೂ ಆಗಿಲ್ಲ ಎಂದೇ ತಿಳಿಸಿ.